ಜಪಾನಿನ ಗೋ ಪಟ್ಟದ ಪಂದ್ಯಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಪ್ಪು, ಬಿಳಿ ಕಲ್ಲುಗಳನ್ನು ಮಣೆಯ ಮೇಲಿಟ್ಟು ಇಬ್ಬರು ಆಡುವ ಗೋ ಆಟದ ನೇರಪ್ರಸಾರ ನೋಡಲು ಶುರುಮಾಡಿದವರಿಗೆ ಮೊದಲು ಗೊಂದಲವಾಗುವುದು ಆಟದಿಂದಲ್ಲ, ಪಂದ್ಯ ನಡೆಯುವ ರೀತಿಯಿಂದ. ಒಂದೇ ಆಟ ಎರಡು ದಿನ ಏಕೆ? ಸಂಜೆ ಲಕೋಟೆ ಏಕೆ ಬರುತ್ತದೆ? ಎಂಟು ಗಂಟೆ ಸಮಯವಿದ್ದವರು ಕೊನೆಗೆ ಏಕೆ ಅಷ್ಟು ಅವಸರಪಡುತ್ತಾರೆ? ಕಿಸೇ, ಮೇಜಿನ್, ಹೊನಿನ್‌ಬೊ ಎಂಬ ಮೂರು ದೊಡ್ಡ ಪಟ್ಟಗಳನ್ನು ಮುಖ್ಯವಾಗಿ ಇಟ್ಟುಕೊಂಡು ಇಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ಜಪಾನಿನ ಹೆಸರುಗಳನ್ನು ಅಲ್ಲಿನ ರೂಢಿಯಂತೆ ಮನೆತನದ ಹೆಸರು ಮೊದಲು ಬರುವಂತೆ ಬರೆದಿದೆ.

ಪಟ್ಟದ ಪಂದ್ಯಕ್ಕೂ ಸಾಮಾನ್ಯ ಟೂರ್ನಿಯ ಫೈನಲ್‌ಗೂ ಏನು ವ್ಯತ್ಯಾಸ?

ಫೈನಲ್ ಆಡುವ ಇಬ್ಬರೂ ಕೆಳಗಿನ ಸುತ್ತುಗಳನ್ನು ಗೆದ್ದು ಬಂದಿರುತ್ತಾರೆ. ಪಟ್ಟದ ಪಂದ್ಯದಲ್ಲಿ ಹಾಗಲ್ಲ. ಹಿಂದಿನ ವರ್ಷ ಗೆದ್ದವರು ಈ ವರ್ಷ ಒಂದೂ ಅರ್ಹತಾ ಆಟ ಆಡದೆ ಕಾಯುತ್ತಾರೆ. ಉಳಿದ ವೃತ್ತಿಪರರು ತಿಂಗಳುಗಟ್ಟಲೆ ಸೆಣಸಾಡಿ, ಅವರಲ್ಲಿ ಒಬ್ಬರು ಸವಾಲುಗಾರರಾಗಿ ಮೇಲೆ ಬರುತ್ತಾರೆ. ಆಮೇಲೆ ಇವರಿಬ್ಬರ ನಡುವೆ ಏಳು ಅಥವಾ ಐದು ಆಟಗಳ ಸರಣಿ. ಏಳರ ಸರಣಿಯಾದರೆ ಮೊದಲು ನಾಲ್ಕು ಗೆದ್ದವರಿಗೆ ಪಟ್ಟ, ಐದರದಾದರೆ ಮೂರು. ಚೆಸ್ ವಿಶ್ವ ಚಾಂಪಿಯನ್‌ಷಿಪ್ ನೋಡಿದವರಿಗೆ ಈ ಏರ್ಪಾಡು ಪರಿಚಿತವೇ. ಗೋದಲ್ಲಿ ಇದು ವರ್ಷಕ್ಕೆ ಏಳು ಸಲ ನಡೆಯುತ್ತದೆ, ಅಷ್ಟೆ.

ಗೆದ್ದ ಪಟ್ಟ ಹೆಸರಿನ ಜೊತೆಗೇ ಅಂಟಿಕೊಳ್ಳುತ್ತದೆ. ಶಿಬಾನೊ ತೊರಾಮಾರು 2019ರಲ್ಲಿ 19ನೇ ವಯಸ್ಸಿಗೆ ಮೇಜಿನ್ ಪಟ್ಟ ಗೆದ್ದ ಮರುದಿನದಿಂದ ಪತ್ರಿಕೆಗಳಲ್ಲಿ ಅವರು 'ಶಿಬಾನೊ ಮೇಜಿನ್' ಆದರು.

ಏಳು ಪಟ್ಟಗಳು ಯಾವುವು?

ಕಿಸೇ, ಮೇಜಿನ್, ಹೊನಿನ್‌ಬೊ, ಓಝಾ, ತೆಂಗೆನ್, ಗೋಸೇ, ಜೂದಾನ್. ಕಿಸೇ ಪಟ್ಟವನ್ನು ಯೊಮಿಉರಿ ಪತ್ರಿಕೆ, ಮೇಜಿನ್ ಅನ್ನು ಅಸಾಹಿ, ಹೊನಿನ್‌ಬೊವನ್ನು ಮಾಯ್ನಿಚಿ ನಡೆಸುತ್ತವೆ. ಉಳಿದವುಗಳ ಹಿಂದೆಯೂ ಪತ್ರಿಕೆಗಳೇ ಇವೆ. ಬಹುಮಾನದ ಹಣ ಅವರದು; ಬದಲಿಗೆ ಆಟದ ದಾಖಲೆಯನ್ನು ವ್ಯಾಖ್ಯಾನ ಸಮೇತ ದಿನವೂ ಅಂಕಣವಾಗಿ ಅಚ್ಚುಹಾಕುವ ಹಕ್ಕು ಅವರಿಗೆ. ಒಂದು ಆಟವನ್ನು ಹಲವು ದಿನ ಸ್ವಲ್ಪ ಸ್ವಲ್ಪವಾಗಿ ಓದಿಸುವ ಅಂಕಣಕ್ಕೆ ನಿಧಾನವಾದ, ಆಳವಾದ ಆಟವೇ ಬೇಕಾಗಿತ್ತು. ಎರಡು ದಿನದ ಆಟ ಇಷ್ಟು ಕಾಲ ಉಳಿದುಬಂದದ್ದಕ್ಕೆ ಇದೂ ಒಂದು ಕಾರಣ. ಪತ್ರಿಕೆಗಳ ಓದುಗರು ಕಡಿಮೆಯಾದಂತೆ ಪಟ್ಟಗಳ ಹಣವೂ ಇಳಿಯುತ್ತಿರುವುದು ಅದೇ ಕಾರಣಕ್ಕೆ.

ಹಣದಲ್ಲಿ ಕಿಸೇ ಮೊದಲು, ಗೆದ್ದವರಿಗೆ 4 ಕೋಟಿ ಯೆನ್‌ಗೂ ಹೆಚ್ಚು. ಎರಡನೆಯದು ಮೇಜಿನ್. ಇತಿಹಾಸದಲ್ಲಿ ಹಿರಿಯದು ಹೊನಿನ್‌ಬೊ.

ಹೊನಿನ್‌ಬೊ ಎಂಬುದು ವ್ಯಕ್ತಿಯ ಹೆಸರೇ?

ಮನೆತನದ ಹೆಸರು. ತೊಕುಗಾವಾ ಆಳ್ವಿಕೆಯ ಕಾಲದಲ್ಲಿ ಸರ್ಕಾರದ ಆಶ್ರಯ ಪಡೆದ ನಾಲ್ಕು ಗೋ ಮನೆತನಗಳಿದ್ದವು: ಹೊನಿನ್‌ಬೊ, ಯಾಸುಇ, ಇನೊಉಎ, ಹಯಾಶಿ. ಹೊನಿನ್‌ಬೊ ಮನೆತನದ ಮೂಲಪುರುಷ ಸಾನ್ಸಾ. ಮನೆತನವೆಂದರೂ ರಕ್ತಸಂಬಂಧವೇ ಆಗಬೇಕೆಂದಿರಲಿಲ್ಲ. ಗಟ್ಟಿ ಶಿಷ್ಯನನ್ನು ದತ್ತು ತೆಗೆದುಕೊಂಡು ಹೆಸರು ಮುಂದುವರಿಸುತ್ತಿದ್ದರು. 21ನೆಯವರಾದ ಶೂಸಾಯ್ ಕೊನೆಯ ವಂಶಪಾರಂಪರ್ಯ ಹೊನಿನ್‌ಬೊ. ಅವರು ಆ ಹೆಸರನ್ನು ಯಾವ ಶಿಷ್ಯನಿಗೂ ಕೊಡದೆ, 1924ರಲ್ಲಿ ಹುಟ್ಟಿದ ವೃತ್ತಿಪರರ ಸಂಸ್ಥೆ ನಿಹೊನ್ ಕಿಇನ್‌ಗೆ ಬಿಟ್ಟುಕೊಟ್ಟರು. 1939ರಲ್ಲಿ ಶುರುವಾದ ಅರ್ಹತಾ ಸುತ್ತುಗಳು ಮುಗಿದು 1941ರಲ್ಲಿ ಸೆಕಿಯಾಮಾ ರಿಇಚಿ ಮೊದಲ ಪಂದ್ಯವಿಜೇತ ಹೊನಿನ್‌ಬೊ ಆದರು. ಹುಟ್ಟು ಅಥವಾ ಗುರುವಿನ ಆಯ್ಕೆಯಿಂದ ಬರುತ್ತಿದ್ದ ಹೆಸರನ್ನು ಮಣೆಯ ಮೇಲೆ ಗೆದ್ದುಕೊಳ್ಳುವಂತೆ ಮಾಡಿದ್ದು ಅಂದಿಗೆ ಸಣ್ಣ ಮಾತಲ್ಲ.

ಸವಾಲುಗಾರರಾಗುವುದು ಎಷ್ಟು ಕಷ್ಟ?

ಮೇಜಿನ್ ಪಟ್ಟವನ್ನೇ ನೋಡಿ. ಮೊದಲು ಹಂತ ಹಂತದ ಅರ್ಹತಾ ಸುತ್ತುಗಳು. ಅವುಗಳನ್ನು ದಾಟಿದರೆ 9 ಮಂದಿಯ ಲೀಗ್. ಪ್ರತಿಯೊಬ್ಬರೂ ಉಳಿದ ಎಂಟು ಮಂದಿಯೊಡನೆ ಒಂದೊಂದು ಆಟ ಆಡಬೇಕು, ತಿಂಗಳಿಗೆ ಸುಮಾರು ಒಂದರಂತೆ. ಮೊದಲ ಸ್ಥಾನದವರು ಸವಾಲುಗಾರರು. ಕೊನೆಯ ಮೂವರು ಲೀಗ್‌ನಿಂದಲೇ ಹೊರಕ್ಕೆ, ಮತ್ತೆ ಅರ್ಹತಾ ಸುತ್ತಿನಿಂದ ಹತ್ತಬೇಕು. ಒಳಗೆ ಬರುವುದಕ್ಕಿಂತ ಒಳಗೆ ಉಳಿಯುವುದು ಕಷ್ಟ. ಕಿಸೇಯಲ್ಲಿ ಎಸ್, ಎ, ಬಿ, ಸಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಲೀಗ್‌ಗಳಿವೆ. ಮೇಲಿನ ಎಸ್ ಲೀಗ್‌ನಲ್ಲಿ ಆರೇ ಮಂದಿ.

ಲೀಗ್ ಪ್ರವೇಶಕ್ಕೂ ಬೆಲೆಯಿದೆ. 2003ರಿಂದ ಬಂದ ನಿಯಮದಂತೆ ದೊಡ್ಡ ಪಟ್ಟದ ಲೀಗ್ ಸೇರಿದ ಕಿರಿಯ ಆಟಗಾರರು ನೇರವಾಗಿ 7 ದಾನ್‌ಗೆ (ದಾನ್ ಎಂದರೆ ಆಟಗಾರರ ದರ್ಜೆ) ಏರುತ್ತಾರೆ, ಸವಾಲುಗಾರರಾದರೆ 8 ದಾನ್, ಪಟ್ಟ ಗೆದ್ದರೆ 9 ದಾನ್. ಹಿಂದೆ ಇಷ್ಟು ಏರಲು ಹತ್ತಾರು ವರ್ಷ ಹಿಡಿಯುತ್ತಿತ್ತು.

ನನಗೆ ಗೋ ಬರುವುದಿಲ್ಲ. ನೋಡಲು ಕನಿಷ್ಠ ಏನು ತಿಳಿದಿರಬೇಕು?

ಮಣೆಯ ಮೇಲೆ ಅಡ್ಡ 19, ಉದ್ದ 19 ಗೆರೆಗಳು. ಕಲ್ಲುಗಳನ್ನು ಇಡುವುದು ಮನೆಯೊಳಗಲ್ಲ, ಗೆರೆಗಳು ಕೂಡುವ 361 ಬಿಂದುಗಳ ಮೇಲೆ. ಕಪ್ಪು ಮೊದಲು, ಆಮೇಲೆ ಒಬ್ಬರಾದ ಮೇಲೆ ಒಬ್ಬರು. ಇಟ್ಟ ಕಲ್ಲು ಕದಲುವುದಿಲ್ಲ. ಒಂದು ಕಲ್ಲಿನ ಅಥವಾ ಒಂದಕ್ಕೊಂದು ಅಂಟಿದ ಕಲ್ಲುಗಳ ಗುಂಪಿನ ಸುತ್ತಲ ಖಾಲಿ ಬಿಂದುಗಳನ್ನೆಲ್ಲ ಎದುರಾಳಿ ಮುಚ್ಚಿದರೆ ಅದು ಸೆರೆ. ಕೊನೆಯಲ್ಲಿ ನಿಮ್ಮ ಕಲ್ಲುಗಳು ಸುತ್ತುವರಿದ ಖಾಲಿ ಬಿಂದುಗಳು ನಿಮ್ಮ ಜಾಗ. ಅದಕ್ಕೆ ಸೆರೆಹಿಡಿದ ಕಲ್ಲುಗಳನ್ನು ಕೂಡಿಸಿದರೆ ಅಂಕ.

ಇನ್ನೊಂದೇ ನಿಯಮ: ಕೊ. ಎದುರಾಳಿ ನಿಮ್ಮ ಒಂದು ಕಲ್ಲನ್ನು ಹಿಡಿದ ಕೂಡಲೇ ನೀವು ಅದೇ ಜಾಗದಲ್ಲಿ ಮರಳಿ ಹಿಡಿದು ಹಿಂದಿನ ಸ್ಥಿತಿಯನ್ನೇ ತರುವಂತಿಲ್ಲ; ಬೇರೆ ಕಡೆ ಒಂದು ನಡೆ ಆಡಿ ಆಮೇಲೆ ಹಿಡಿಯಬೇಕು. ಇದನ್ನು ನೆನಪಿಟ್ಟುಕೊಳ್ಳಿ. ಪಟ್ಟದ ಪಂದ್ಯದ ಒಂದು ಆಟವನ್ನೇ ರದ್ದು ಮಾಡಿಸಿದ ನಿಯಮವಿದು, ಮುಂದೆ ಹೇಳುತ್ತೇವೆ.

ಬಿಳಿಗೆ ಆರೂವರೆ ಅಂಕ ಪುಕ್ಕಟೆ ಏಕೆ?

ಮೊದಲ ನಡೆಯ ಲಾಭಕ್ಕೆ ಪರಿಹಾರ. ಅದರ ಹೆಸರು ಕೊಮಿ. ಹೊನಿನ್‌ಬೊ ಪಂದ್ಯಗಳು ಶುರುವಾದಾಗ 4.5 ಇತ್ತು, ಆಗ ಅದಕ್ಕೂ ಹಿರಿಯರ ವಿರೋಧವಿತ್ತು. ಆಮೇಲೆ 5.5 ಆಯಿತು. ಆಗಲೂ ಕಪ್ಪು ತುಸು ಹೆಚ್ಚೇ ಗೆಲ್ಲುತ್ತಿತ್ತಾದ್ದರಿಂದ ಈ ಶತಮಾನದ ಆರಂಭದಲ್ಲಿ 6.5ಕ್ಕೆ ಏರಿತು. ಆ ಅರ್ಧ ಅಂಕ ಇರುವುದು ಸಮಬಲ ಬಾರದಿರಲೆಂದು. ಕಪ್ಪು 70, ಬಿಳಿ 64 ಅಂದರೆ ಬಿಳಿಗೆ 70.5, ಅರ್ಧ ಅಂಕದಿಂದ ಬಿಳಿಯ ಗೆಲುವು. ಹದಿನಾರು ಗಂಟೆ ಕೂತು ಅರ್ಧ ಅಂಕಕ್ಕೆ ಸೋತವರು ಬೇಕಾದಷ್ಟು ಮಂದಿ ಇದ್ದಾರೆ.

ಬಣ್ಣ ಯಾರು ಆರಿಸುತ್ತಾರೆ?

ಮೊದಲ ಆಟಕ್ಕೆ ನಿಗಿರಿ. ಹಿರಿಯ ಸ್ಥಾನದವರು ಒಂದು ಹಿಡಿ ಬಿಳಿ ಕಲ್ಲು ತೆಗೆದು ಮುಚ್ಚಿ ಹಿಡಿಯುತ್ತಾರೆ. ಎದುರಿನವರು ಒಂದು ಅಥವಾ ಎರಡು ಕಪ್ಪು ಕಲ್ಲು ಇಟ್ಟು ಬೆಸವೋ ಸರಿಯೋ ಹೇಳುತ್ತಾರೆ. ಬಿಳಿ ಕಲ್ಲುಗಳನ್ನು ಎರಡೆರಡಾಗಿ ಜೋಡಿಸಿ ಎಣಿಸಿ ನೋಡಿ, ಊಹೆ ಸರಿಯಾದರೆ ಊಹಿಸಿದವರಿಗೆ ಕಪ್ಪು. ಎರಡನೇ ಆಟದಿಂದ ಬಣ್ಣ ಅದಲು ಬದಲು. 3–3 ಆಗಿ ಏಳನೇ ಆಟಕ್ಕೆ ಬಂದರೆ ಮತ್ತೆ ಹೊಸದಾಗಿ ನಿಗಿರಿ.

ಎರಡು ದಿನದ ಆಟದ ದಿನಚರಿ ಹೇಗಿರುತ್ತದೆ?

ಮೊದಲ ದಿನ ಬೆಳಿಗ್ಗೆ 9ಕ್ಕೆ ತೀರ್ಪುಗಾರರು ಹೊತ್ತಾಯಿತೆಂದು ಹೇಳುತ್ತಾರೆ, ಇಬ್ಬರೂ ತಲೆಬಾಗುತ್ತಾರೆ, ಕಪ್ಪು ಮೊದಲ ಕಲ್ಲು ಇಡುತ್ತದೆ. ಛಾಯಾಗ್ರಾಹಕರು ಕೆಲವು ನಿಮಿಷ ಇದ್ದು ಹೊರಟುಹೋಗುತ್ತಾರೆ. ಮಧ್ಯಾಹ್ನ 12ರಿಂದ 1ರವರೆಗೆ ಊಟದ ಬಿಡುವು. ಆ ಒಂದು ಗಂಟೆ ಯಾರ ಲೆಕ್ಕಕ್ಕೂ ಬರುವುದಿಲ್ಲ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ 3ರ ಹೊತ್ತಿಗೆ ಒಮ್ಮೆ ಚಹಾ, ಸಿಹಿ ಬರುತ್ತವೆ. ಸಂಜೆ ಐದು ದಾಟಿದ ಮೇಲೆ, ಗೊತ್ತುಪಡಿಸಿದ ಹೊತ್ತಿಗೆ ಲಕೋಟೆ ನಡೆ. ಮರುದಿನ ಬೆಳಿಗ್ಗೆ 9ಕ್ಕೆ ಮತ್ತೆ ಶುರು. ಆ ದಿನ ಆಟ ಮುಗಿಯಲೇಬೇಕು, ಸಾಮಾನ್ಯವಾಗಿ ಸಂಜೆ ಅಥವಾ ರಾತ್ರಿ.

ಲೆಕ್ಕ ಹಾಕಿ ನೋಡಿ: 5:30ಕ್ಕೆ ನಿಲ್ಲಿಸಿದರೆ ಮೊದಲ ದಿನ ಇಬ್ಬರದೂ ಸೇರಿ ಏಳೂವರೆ ಗಂಟೆ ಖರ್ಚು. ಇಬ್ಬರಿಗೂ ಎಂಟೆಂಟು ಗಂಟೆ, ಅಂದರೆ ಉಳಿದದ್ದು ಎಂಟೂವರೆ. ಎರಡನೇ ದಿನ ಊಟದ ಬಿಡುವು ಬಿಟ್ಟು ಅಷ್ಟನ್ನೂ ಬಳಸಿದರೆ ಸಂಜೆ ಆರೂವರೆ ಆಗುತ್ತದೆ. ಅದಾದ ಮೇಲೆ ಇಬ್ಬರೂ ನಿಮಿಷಕ್ಕೊಂದು ನಡೆ ಆಡುವ ಸ್ಥಿತಿ.

ಸಮಯದ ಲೆಕ್ಕ ಹೇಗೆ? ಬ್ಯೋಯೋಮಿ ಎಂದರೇನು?

ಇದನ್ನು ಸರಿಯಾಗಿ ತಿಳಿದರೆ ಆಟದ ಅರ್ಧ ನಾಟಕ ಅರ್ಥವಾಗುತ್ತದೆ. ಎರಡು ದಿನದ ಆಟಗಳಲ್ಲಿ ದಾಖಲೆಗಾರರು ಪ್ರತಿ ನಡೆಯ ಸಮಯವನ್ನು ನಿಮಿಷದ ಲೆಕ್ಕದಲ್ಲಿ ಬರೆಯುತ್ತಾರೆ. ನಿಮಿಷ ತುಂಬದ ಸೆಕೆಂಡುಗಳನ್ನು ಬಿಟ್ಟುಬಿಡುತ್ತಾರೆ. ಒಂದು ನಿಮಿಷ 50 ಸೆಕೆಂಡು ಯೋಚಿಸಿದರೆ ಖರ್ಚು ಒಂದೇ ನಿಮಿಷ. 55 ಸೆಕೆಂಡಿನಲ್ಲಿ ಆಡಿದರೆ ಖರ್ಚು ಸೊನ್ನೆ. ಹೀಗಾಗಿ ಗೊತ್ತಿರುವ ಆರಂಭದ ನಡೆಗಳನ್ನು ನಿಮಿಷದೊಳಗೆ ಆಡಿ ಮುಗಿಸಿದವರ ಎಂಟು ಗಂಟೆ ಹಾಗೇ ಉಳಿದಿರುತ್ತದೆ.

ಎಂಟು ಗಂಟೆಯ ಕೊನೆಯ ಕೆಲವು ನಿಮಿಷಗಳನ್ನು ಬ್ಯೋಯೋಮಿಗೆ ಇಟ್ಟಿರುತ್ತಾರೆ, ಅಂದರೆ ಸೆಕೆಂಡು ಎಣಿಕೆಗೆ. ನಿಮಗೆ ಐದು ನಿಮಿಷ ಉಳಿದಿದೆ ಎಂದುಕೊಳ್ಳಿ. 60 ಸೆಕೆಂಡಿನೊಳಗೆ ಆಡಿದಷ್ಟು ಕಾಲ ಐದು ಐದಾಗಿಯೇ ಇರುತ್ತದೆ, ನೂರು ನಡೆ ಆಡಿದರೂ ಸರಿ. ಒಮ್ಮೆ 60 ದಾಟಿದರೆ ನಾಲ್ಕು. ಹೀಗೆ ಕೊನೆಯ ಒಂದು ನಿಮಿಷಕ್ಕೆ ಬಂದವರಿಗೆ ಇನ್ನು ಸಡಿಲವಿಲ್ಲ. ದಾಖಲೆಗಾರರು 30 ಸೆಕೆಂಡು, 40 ಸೆಕೆಂಡು, 50 ಸೆಕೆಂಡು ಎಂದು ಹೇಳಿ, ಆಮೇಲೆ ಒಂದು, ಎರಡು, ಮೂರು ಎಂದು ಎಣಿಸುತ್ತಾರೆ. ಹತ್ತು ಅನ್ನುವುದರೊಳಗೆ ಕಲ್ಲು ಮಣೆಯ ಮೇಲಿರಬೇಕು, ಇಲ್ಲವಾದರೆ ಸೋಲು. ಮಣೆಯ ಮೇಲಿನ ಸ್ಥಿತಿ ಎಷ್ಟೇ ಚೆನ್ನಾಗಿದ್ದರೂ ಸೋಲು.

ಹೆಚ್ಚಿನ ತಪ್ಪುಗಳು ಆಗುವುದು ಇಲ್ಲೇ. ಶೌಚಕ್ಕೆ ಹೋಗಬೇಕೆಂದರೂ ನಿಮಿಷವೇ ಹೋಗುತ್ತದೆ. ಅನುಭವಿಗಳು ಎದುರಾಳಿ ಖಂಡಿತ ಉತ್ತರಿಸಲೇಬೇಕಾದ ಒಂದು ನಡೆಯನ್ನು ಆಡಿ ಒಂದು ನಿಮಿಷ ಗಳಿಸಿಕೊಳ್ಳುತ್ತಾರೆ. ಆದರೆ ಆ ನಡೆಯೇ ಮುಂದೆ ಕೊ ಹೋರಾಟದಲ್ಲಿ ಬೆದರಿಕೆಯಾಗಿ, ಅಂದರೆ ಕೊ ಮರಳಿ ಹಿಡಿಯುವ ಮೊದಲು ಬೇರೆ ಕಡೆ ಆಡುವ ನಡೆಯಾಗಿ, ಬೇಕಾಗಿದ್ದರೆ? ಸಮಯಕ್ಕಾಗಿ ಅದನ್ನು ಈಗಲೇ ಖರ್ಚು ಮಾಡಿದ್ದು ಇಪ್ಪತ್ತು ನಡೆ ಆದಮೇಲೆ ದುಬಾರಿಯಾಗುತ್ತದೆ. ಕೊನೆಯ ಹಂತದ ಇಂಥ ಸಣ್ಣ ನಡೆಗಳನ್ನು ಕಂಡು 'ಇದೇಕೆ ಆಡಿದರು' ಎಂದು ನೋಡುಗರು ಕೇಳುವುದುಂಟು. ಉತ್ತರ ಬಹಳ ಸಲ ಗಡಿಯಾರದಲ್ಲಿದೆ.

ಲಕೋಟೆಯೊಳಗೆ ನಡೆಯನ್ನು ಹಾಕುವುದು ಏಕೆ?

ರಾತ್ರಿ ಆಟ ನಿಂತಾಗ ಯಾರಾದರೊಬ್ಬರ ಸರದಿ ಇರಲೇಬೇಕು. ಏನೂ ಮಾಡದೆ ನಿಲ್ಲಿಸಿದರೆ ಸರದಿಯಿರುವವರಿಗೆ ಒಂದೇ ನಡೆಗೆ ಇಡೀ ರಾತ್ರಿ ಯೋಚನೆಯ ಅವಕಾಶ. ಅದನ್ನು ತಪ್ಪಿಸಲು ಫೂಜಿತೆ, ಅಂದರೆ ಲಕೋಟೆ ನಡೆ. ನಡೆಯುವ ಕ್ರಮ ಹೀಗೆ: ಹೊತ್ತಾದಾಗ ತೀರ್ಪುಗಾರರು ಸರದಿಯವರ ಹೆಸರು ಹೇಳಿ ಮುಂದಿನ ನಡೆ ಲಕೋಟೆಗೆ ಎಂದು ತಿಳಿಸುತ್ತಾರೆ. ಅವರು ಕೂಡಲೇ ಬರೆಯಬೇಕೆಂದಿಲ್ಲ. ಎಷ್ಟು ಹೊತ್ತು ಬೇಕಾದರೂ ಯೋಚಿಸಬಹುದು, ಅದೆಲ್ಲ ಅವರದೇ ಸಮಯದ ಖರ್ಚು. ತೀರ್ಮಾನವಾದ ಮೇಲೆ ಆ ಕ್ಷಣದ ಸ್ಥಿತಿ ಬರೆದ ಹಾಳೆಯನ್ನು ತೆಗೆದುಕೊಂಡು, ಎದುರಾಳಿಗೆ ಕಾಣದಂತೆ ತಮ್ಮ ನಡೆಯನ್ನು ಗುರುತಿಸಿ, ಲಕೋಟೆಗೆ ಹಾಕಿ ಮುಚ್ಚಿ ತೀರ್ಪುಗಾರರಿಗೆ ಕೊಡುತ್ತಾರೆ. ಮಣೆಯ ಮೇಲೆ ಕಲ್ಲು ಬೀಳುವುದಿಲ್ಲ. ಮರುದಿನ ಬೆಳಿಗ್ಗೆ ಇಬ್ಬರೂ ಖಾಲಿ ಮಣೆಯ ಮೇಲೆ ಮೊದಲ ದಿನದ ನಡೆಗಳನ್ನೆಲ್ಲ ಮರಳಿ ಇಡುತ್ತಾರೆ, ಆಮೇಲೆ ತೀರ್ಪುಗಾರರು ಲಕೋಟೆ ಒಡೆದು ನಡೆಯನ್ನು ಓದುತ್ತಾರೆ.

ಈಗ ಇಬ್ಬರಿಗೂ ರಾತ್ರಿ ಸಮ. ಬರೆದವರಿಗೆ ತಮ್ಮ ನಡೆ ಗೊತ್ತು, ಎದುರಾಳಿಯ ಉತ್ತರ ಗೊತ್ತಿಲ್ಲ. ಎದುರಾಳಿಗೆ ಬರೆದ ನಡೆಯೇ ಗೊತ್ತಿಲ್ಲ.

ಈ ಪದ್ಧತಿ ಬರುವ ಮೊದಲು ಏನಾಗುತ್ತಿತ್ತು?

1933ರ ಅಕ್ಟೋಬರ್‌ನಲ್ಲಿ ಶುರುವಾಗಿ 1934ರ ಜನವರಿಯಲ್ಲಿ ಮುಗಿದ ಶೂಸಾಯ್ ಮತ್ತು ಗೋ ಸೇಗೆನ್ ಅವರ ಆಟ ಇದಕ್ಕೆ ದೊಡ್ಡ ಉದಾಹರಣೆ. ಹಳೆಯ ರೂಢಿಯಂತೆ ಹಿರಿಯರಾದ, ಬಿಳಿ ಹಿಡಿದ ಶೂಸಾಯ್ ತಮ್ಮ ಸರದಿ ಬಂದಾಗ ತಮಗೆ ಬೇಕಾದಾಗ ಆಟ ನಿಲ್ಲಿಸಬಹುದಿತ್ತು. ಆಟ 13 ಸಲ ನಿಂತಿತು. ಪ್ರತಿ ಸಲವೂ ದಿನಗಟ್ಟಲೆ ಯೋಚಿಸುವ ಅನುಕೂಲ ಅವರೊಬ್ಬರಿಗೇ. 160ನೇ ನಡೆಯಾಗಿ ಬಿಳಿ ಆಡಿದ ಅದ್ಭುತ ನಡೆಯನ್ನು ಕಂಡುಹಿಡಿದದ್ದು ಶಿಷ್ಯರೊಬ್ಬರೆಂಬ ಮಾತು ಇಂದಿಗೂ ಇದೆ. ಬಿಳಿ ಎರಡು ಅಂಕದಿಂದ ಗೆದ್ದಿತು. ಗೋ ಸೇಗೆನ್ ಆಗ ಹತ್ತೊಂಬತ್ತರ ಹರೆಯದವರು.

1938ರಲ್ಲಿ ಶೂಸಾಯ್ ಅವರ ನಿವೃತ್ತಿ ಆಟ ಕಿತಾನಿ ಮಿನೊರು ಜೊತೆ ಗೊತ್ತಾದಾಗ ಲಕೋಟೆ ನಡೆಯ ನಿಯಮ ಜಾರಿಯಲ್ಲಿತ್ತು. ಇಬ್ಬರಿಗೂ 40 ಗಂಟೆ ಸಮಯ. ಜೂನ್ 26ಕ್ಕೆ ಶುರುವಾಗಿ, ಶೂಸಾಯ್ ಕಾಯಿಲೆಯಿಂದ ನಡುವೆ ಮೂರು ತಿಂಗಳು ನಿಂತು, ಡಿಸೆಂಬರ್ 4ರಂದು 237 ನಡೆಗಳಲ್ಲಿ ಮುಗಿಯಿತು. ಕಪ್ಪು ಹಿಡಿದ ಕಿತಾನಿ ಐದು ಅಂಕದಿಂದ ಗೆದ್ದರು. ಇಲ್ಲೂ ವಿವಾದ ತಪ್ಪಲಿಲ್ಲ. ಮಣೆಯ ನಡುವೆ ಹೋರಾಟ ಕಾವೇರಿದ್ದಾಗ ಕಿತಾನಿ 121ನೇ ನಡೆಯನ್ನು ಲಕೋಟೆಗೆ ಹಾಕಿದರು. ಒಡೆದು ನೋಡಿದರೆ ಅದು ಹೋರಾಟಕ್ಕೆ ಸಂಬಂಧವಿಲ್ಲದ ಮೂಲೆಯಲ್ಲಿ, ಬಿಳಿ ಉತ್ತರಿಸಲೇಬೇಕಾದ ನಡೆ. ಉತ್ತರ ಬಂದ ಮೇಲೆ ಸರದಿ ಮತ್ತೆ ಕಿತಾನಿಯದೇ. ಅಂದರೆ ನಡುವಿನ ಹೋರಾಟದ ಬಗ್ಗೆ ಬಿಡುವಿನ ಕಾಲವನ್ನೆಲ್ಲ ಯೋಚನೆಗೆ ಬಳಸಿಕೊಂಡಂತಾಯಿತು. ಶೂಸಾಯ್ ಬಹಳ ನೊಂದುಕೊಂಡರು, 130ನೇ ನಡೆಯಲ್ಲಿ ಎಡವಿದರು, ಆಟ ಕೈಬಿಟ್ಟಿತು. ಕಿತಾನಿ ನಿಯಮ ಮುರಿಯಲಿಲ್ಲ. ಆ ನಡೆ ಎಂದಾದರೂ ಆಡಬೇಕಾಗಿದ್ದ ನಡೆಯೇ ಎಂದು ವಾದಿಸುವವರ ಮಾತಿನಲ್ಲಿ ನಮಗೂ ಹುರುಳು ಕಾಣುತ್ತದೆ.

ಹಾಗಾದರೆ ಲಕೋಟೆಗೆ ಯಾವ ನಡೆ ಒಳ್ಳೆಯದು?

ಎರಡು ದಾರಿ. ಒಂದು, ಯಾರಿಗೂ ಅನುಮಾನವಿಲ್ಲದ, ಆಡಲೇಬೇಕಾದ ನಡೆ: ರಾತ್ರಿ ನೆಮ್ಮದಿಯ ನಿದ್ದೆ, ಆದರೆ ಎದುರಾಳಿಗೂ ಅದು ಗೊತ್ತೇ ಇರುತ್ತದೆ. ಇನ್ನೊಂದು, ನಾಲ್ಕೈದು ಸಾಧ್ಯತೆಗಳಿರುವ ಕಡೆ ಗಟ್ಟಿ ನಿರ್ಧಾರ: ಎದುರಾಳಿ ಎಲ್ಲಕ್ಕೂ ಸಿದ್ಧವಾಗಬೇಕು, ಆದರೆ ನಿಮ್ಮ ನಿರ್ಧಾರ ತಪ್ಪಿದ್ದರೆ ಬೆಳಗಾಗುವವರೆಗೆ ಅದನ್ನು ತಿದ್ದಲಾಗದು. ಹೊತ್ತು ಹತ್ತಿರ ಬಂದಾಗ ಕೆಲವರು ಚಕಚಕನೆ ಆಡಿ ಸರದಿಯನ್ನು ಎದುರಾಳಿಯ ಕಡೆ ತಳ್ಳುತ್ತಾರೆ, ಕೆಲವರು ಅರ್ಧ ಗಂಟೆ ಕೂತು ತಾವೇ ಬರೆಯಲು ಕಾಯುತ್ತಾರೆ. ಸಂಜೆಯ ಕೊನೆಯ ಅರ್ಧ ಗಂಟೆಯನ್ನು ಈ ಕಣ್ಣಿನಿಂದ ನೋಡಿ, ಏನೂ ನಡೆಯುತ್ತಿಲ್ಲ ಅನ್ನಿಸುವುದಿಲ್ಲ.

ಆಟ ಎಲ್ಲಿ ನಡೆಯುತ್ತದೆ? ಮಣೆ, ಕಲ್ಲುಗಳಲ್ಲೂ ವಿಶೇಷವಿದೆಯೇ?

ದೊಡ್ಡ ಪಟ್ಟಗಳ ಆಟಗಳು ಊರೂರು ಸುತ್ತುತ್ತವೆ: ಬಿಸಿನೀರ ಬುಗ್ಗೆಗಳ ಊರಿನ ಹಳೆಯ ವಸತಿಗೃಹಗಳು, ದೊಡ್ಡ ಹೋಟೆಲುಗಳು, ಕೆಲವೊಮ್ಮೆ ದೇಗುಲಗಳು. ಟೋಕಿಯೋದ ಇಚಿಗಾಯಾದಲ್ಲಿರುವ ನಿಹೊನ್ ಕಿಇನ್ ಕಟ್ಟಡದಲ್ಲಿ 'ಯೂಗೆನ್ ನೊ ಮಾ' ಎಂಬ ವಿಶೇಷ ಕೋಣೆಯೂ ಇದೆ.

ಮಣೆ ಕಾಯಾ ಮರದ ಒಂದೇ ದಿಮ್ಮಿಯದು, ಕಾಲುಗಳಿರುವ ದಪ್ಪ ಮಣೆ. ಅದು ಪೂರ್ಣ ಚೌಕವಲ್ಲ: ಅಗಲ ಸುಮಾರು 42 ಸೆಂ.ಮೀ., ಆಟಗಾರರ ನಡುವಿನ ಉದ್ದ ಸುಮಾರು 45. ಕೂತವರು ಓರೆಯಾಗಿ ನೋಡುವುದರಿಂದ ಉದ್ದ ಕುಗ್ಗಿದಂತೆ ಕಾಣುತ್ತದೆ, ಅದನ್ನು ಸರಿದೂಗಿಸಲು ಈ ಹೆಚ್ಚಳ. ಕಪ್ಪು ಕಲ್ಲು ನಾಚಿ ಎಂಬ ಹೆಸರಿನ ಕರಿಯ ಶಿಲೆಯದು, ಬಿಳಿಯದು ಚಿಪ್ಪಿನದು. ಹಿಂದೆ ಮಿಯಾಝಾಕಿಯ ಹ್ಯೂಗಾ ಕಡಲತೀರದ ಚಿಪ್ಪು, ಈಗ ಬಹುಪಾಲು ಮೆಕ್ಸಿಕೊದಿಂದ ತಂದದ್ದು. ಕಪ್ಪು 181, ಬಿಳಿ 180. ಬಿಳಿ ಬಣ್ಣ ಕಣ್ಣಿಗೆ ದೊಡ್ಡದಾಗಿ ಕಾಣುವುದರಿಂದ ಕಪ್ಪು ಕಲ್ಲನ್ನು ಕೂದಲೆಳೆಯಷ್ಟು ದೊಡ್ಡದಾಗಿ ಮಾಡುತ್ತಾರೆ. ನೋಡುವವರಿಗೆ ಎರಡೂ ಸಮ.

ಫೋನ್ ಒಯ್ಯಬಹುದೇ?

ಇಲ್ಲ. ಕಂಪ್ಯೂಟರ್ ಮನುಷ್ಯರನ್ನು ಮೀರಿಸಿದ ಮೇಲೆ ಇದರಲ್ಲಿ ರಿಯಾಯಿತಿ ಸಾಧ್ಯವಿಲ್ಲ.

ನಿಯಮಭಂಗದಿಂದ ಪಟ್ಟದ ಆಟ ಹಾಳಾದದ್ದುಂಟೇ?

ಉಂಟು. 1980ರ ಮೇಜಿನ್ ಪಂದ್ಯದ ನಾಲ್ಕನೇ ಆಟ. ಪಟ್ಟ ಓತಾಕೆ ಹಿದೆಒ ಅವರದು, ಸವಾಲು ಚೊ ಚಿಕುನ್ ಅವರದು. ಕೊ ಹೋರಾಟ ನಡೆದಿತ್ತು, ಚೊ ಸೆಕೆಂಡು ಎಣಿಕೆಯಲ್ಲಿದ್ದರು. ಈಗ ಕೊ ಹಿಡಿಯುವ ಸರದಿ ತಮ್ಮದೇ ಎಂದು ದಾಖಲೆಗಾರರನ್ನು ಕೇಳಿದರು, ಹೌದೆಂಬ ಉತ್ತರ ಬಂತು, ಹಿಡಿದರು. ಅದು ತಪ್ಪು; ನಡುವೆ ಬೇರೆ ನಡೆ ಆಗಿರಲಿಲ್ಲ. ನಿಯಮದ ಪ್ರಕಾರ ಚೊ ಸೋಲಬೇಕು, ಆದರೆ ಅವರು ಅಧಿಕೃತವಾಗಿ ಕೇಳಿಯೇ ಆಡಿದ್ದರು. ಕೊನೆಗೆ ಆ ಆಟಕ್ಕೆ ಫಲಿತಾಂಶವಿಲ್ಲ ಎಂದು ತೀರ್ಮಾನವಾಯಿತು. ಚೊ 4–1ರಿಂದ ಸರಣಿ ಗೆದ್ದು ಮೇಜಿನ್ ಆದರು. ಸೆಕೆಂಡುಗಳ ಒತ್ತಡದಲ್ಲಿ ನೆನಪು ಎಷ್ಟು ಬೇಗ ಕೈಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಇನ್ನೊಂದು ಬಗೆ, ಮೂರು ಕೊ. ಮಣೆಯ ಮೂರು ಕಡೆ ಕೊ ಇದ್ದು, ಇಬ್ಬರೂ ಸುತ್ತಿ ಸುತ್ತಿ ಹಿಡಿಯುತ್ತಾ ಬಿಡಲು ಒಪ್ಪದಿದ್ದರೆ ಆಟಕ್ಕೆ ಕೊನೆಯೇ ಇಲ್ಲ. ಜಪಾನಿನ ನಿಯಮದಲ್ಲಿ ಆಗಲೂ ಫಲಿತಾಂಶವಿಲ್ಲ.

ಆಟ ಮುಗಿದ ಮೇಲೆ ಕಲ್ಲುಗಳನ್ನು ಅತ್ತಿತ್ತ ಸರಿಸುವುದೇಕೆ?

ಎಣಿಸಲು. ಮೊದಲು ಯಾರಿಗೂ ಅಂಕ ಕೊಡದ ಖಾಲಿ ಬಿಂದುಗಳನ್ನು, ದಮೆ, ತುಂಬುತ್ತಾರೆ. ಇಲ್ಲಿ ಎಚ್ಚರ ಬೇಕು: ಹೊರಗಿನ ಬಿಂದುಗಳು ತುಂಬಿದಂತೆ ನಿಮ್ಮದೇ ಗುಂಪು ಉಸಿರುಕಟ್ಟಿ ಒಳಗೆ ಒಂದು ಕಲ್ಲು ಇಟ್ಟು ಭದ್ರಪಡಿಸಬೇಕಾಗಬಹುದು. ಆ ಒಂದು ಕಲ್ಲು ಒಂದು ಅಂಕವನ್ನು ತಿನ್ನುತ್ತದೆ. ಗಮನಿಸದೆ ಬಿಟ್ಟರೆ ಗುಂಪೇ ಸೆರೆ. ಆಮೇಲೆ ಸೆರೆಯಾದ ಕಲ್ಲುಗಳನ್ನು ಎದುರಾಳಿಯ ಜಾಗದೊಳಗೆ ತುಂಬುತ್ತಾರೆ, ಉಳಿದ ಖಾಲಿ ಜಾಗವನ್ನು ಹತ್ತರ ಲೆಕ್ಕಕ್ಕೆ ಸಿಗುವಂತೆ ಆಯತಗಳಾಗಿ ಜೋಡಿಸುತ್ತಾರೆ. ಎದುರಾಳಿಯ ಜಾಗವನ್ನು ನೀವು, ನಿಮ್ಮದನ್ನು ಅವರು.

ಆದರೆ ಬಹಳಷ್ಟು ಆಟಗಳು ಇಲ್ಲಿಗೆ ಬರುವುದೇ ಇಲ್ಲ. ಸೋಲು ಖಚಿತವೆಂದು ಕಂಡವರು ಸೋತೆನೆಂದು ಹೇಳಿ ತಲೆಬಾಗುತ್ತಾರೆ. ಆಮೇಲೆ ಇಬ್ಬರೂ ಕೂತು ಆಟವನ್ನು ಮರಳಿ ಇಟ್ಟು ಚರ್ಚಿಸುತ್ತಾರೆ. ಸೋತವರ ಪಾಲಿಗೆ ಅದು ಎಷ್ಟು ಕಷ್ಟ ಎಂದು ಯೋಚಿಸಿದರೆ ಆ ಪದ್ಧತಿಯ ಮೇಲೆ ಗೌರವ ಹೆಚ್ಚುತ್ತದೆ.

0–3 ಆದ ಮೇಲೆ ಯಾರಾದರೂ ಪಟ್ಟ ಗೆದ್ದಿದ್ದಾರೆಯೇ?

1983ರಲ್ಲಿ ಒಂದೇ ವರ್ಷ ಎರಡು ಸಲ. ಫುಜಿಸಾವಾ ಶೂಕೊ ಕಿಸೇ ಪಟ್ಟವನ್ನು ಅದು ಹುಟ್ಟಿದಾಗಿನಿಂದ ಸತತ ಆರು ಸಲ ಗೆದ್ದಿದ್ದರು. ಏಳನೇ ಸಲ ಚೊ ಚಿಕುನ್ ವಿರುದ್ಧ ಮೊದಲ ಮೂರು ಆಟ ಗೆದ್ದು, ಮುಂದಿನ ನಾಲ್ಕನ್ನೂ ಸೋತರು. ಅದೇ ಚೊ ಕೆಲವೇ ತಿಂಗಳಲ್ಲಿ ಹೊನಿನ್‌ಬೊ ಉಳಿಸಿಕೊಳ್ಳಲು ರಿನ್ ಕಾಯ್‌ಹೊ ವಿರುದ್ಧ ಮೂರು ಗೆದ್ದು, ನಾಲ್ಕು ಸೋತರು. ಚೊ ಅವರ ಬಗ್ಗೆ ಇನ್ನೊಂದು: 1986ರ ಕಿಸೇ ಪಂದ್ಯಕ್ಕೆ ಕೆಲವೇ ದಿನ ಮೊದಲು ರಸ್ತೆ ಅಪಘಾತದಲ್ಲಿ ಕಾಲುಗಳು ಮುರಿದಿದ್ದವು. ಗಾಲಿಕುರ್ಚಿಯಲ್ಲಿ ಕೂತು ಕೊಬಯಾಶಿ ಕೊಇಚಿ ವಿರುದ್ಧ ಆಡಿದರು. 2–4ರಿಂದ ಸೋತರು, ಎರಡು ಆಟ ಗೆದ್ದರೆಂಬುದನ್ನು ಮರೆಯಬಾರದು.

ಹಿರೋಶಿಮಾ ಮೇಲೆ ಅಣುಬಾಂಬ್ ಬಿದ್ದ ದಿನವೂ ಹತ್ತಿರದಲ್ಲೇ ಪಟ್ಟದ ಆಟ ನಡೆದಿತ್ತೆಂಬ ಸಂಗತಿ ನಿಜವೇ?

ನಿಜ. 1945ರ ಮೂರನೇ ಹೊನಿನ್‌ಬೊ ಪಂದ್ಯ, ಹಶಿಮೊತೊ ಉತಾರೊ ಮತ್ತು ಇವಾಮೊತೊ ಕಾವೊರು ನಡುವೆ. ಆಗ ಒಂದು ಆಟಕ್ಕೆ ಮೂರು ದಿನ. ಮೊದಲ ಆಟ ಜುಲೈನಲ್ಲಿ ಹಿರೋಶಿಮಾ ನಗರದೊಳಗೇ ನಡೆಯಿತು. ನಗರ ಅಪಾಯಕಾರಿ ಎಂಬ ಎಚ್ಚರಿಕೆಯಿಂದ ಎರಡನೆಯದನ್ನು ಹೊರವಲಯದ ಇತ್ಸುಕಾಯಿಚಿಗೆ ಸಾಗಿಸಿದರು. ಆಗಸ್ಟ್ 6ರ ಬೆಳಿಗ್ಗೆ, ಮೂರನೇ ದಿನದ ಆಟಕ್ಕೆ ಹಿಂದಿನ ನಡೆಗಳನ್ನು ಮಣೆಯ ಮೇಲೆ ಇಟ್ಟಾಗಿತ್ತು. ಬಾಂಬ್ ಬಿತ್ತು. ಕಿಟಕಿಗಳು ಒಡೆದವು, ಕಲ್ಲುಗಳು ಚೆಲ್ಲಾಡಿದವು. ಆಗಿದ್ದೇನೆಂದು ಅವರಿಗೆ ತಿಳಿದಿರಲಿಲ್ಲ. ಕೋಣೆ ಶುಚಿಗೊಳಿಸಿ, ಸ್ಥಿತಿಯನ್ನು ಮತ್ತೆ ಕಟ್ಟಿ, ಆ ದಿನವೇ ಆಟ ಮುಗಿಸಿದರು. ಬಿಳಿ ಹಿಡಿದ ಹಶಿಮೊತೊ ಐದು ಅಂಕದಿಂದ ಗೆದ್ದರು. ಸಂಜೆ ನಗರದಿಂದ ಬಂದ ಗಾಯಾಳುಗಳನ್ನು ಕಂಡಾಗಲೇ ಅನಾಹುತ ಅರಿವಾದದ್ದು. ತೀರ್ಪುಗಾರರು ಸೆಗೊಎ ಕೆನ್ಸಾಕು. ಸರಣಿ 3–3ರಲ್ಲಿ ನಿಂತು, 1946ರ ನಿರ್ಣಾಯಕ ಆಟಗಳಲ್ಲಿ ಇವಾಮೊತೊ ಪಟ್ಟ ಗೆದ್ದರು.

ಹೊನಿನ್‌ಬೊ ಪಂದ್ಯ ಈಗ ಎರಡು ದಿನದ್ದಲ್ಲವೇ?

2023ರವರೆಗೆ ಆಗಿತ್ತು. ಆ ವರ್ಷ ಇಚಿರಿಕಿ ರ್ಯೊ ಸತತ 11 ವರ್ಷ ಪಟ್ಟ ಇಟ್ಟುಕೊಂಡಿದ್ದ ಇಯಾಮಾ ಯೂತಾ ಅವರನ್ನು 4–3ರಿಂದ ಸೋಲಿಸಿದರು. 2024ರಿಂದ ಅದು ಐದು ಆಟಗಳ ಸರಣಿ, ಒಂದೇ ದಿನ, ತಲಾ 3 ಗಂಟೆ. ಲೀಗ್ ಹೋಯಿತು, 16 ಮಂದಿಯ ನಾಕೌಟ್ ಬಂತು. ಗೆದ್ದವರ ಬಹುಮಾನ 2 ಕೋಟಿ 80 ಲಕ್ಷ ಯೆನ್‌ನಿಂದ 85 ಲಕ್ಷಕ್ಕೆ ಇಳಿಯಿತು.

ಹಣದ ಕಷ್ಟ ಅರ್ಥವಾಗುತ್ತದೆ. ಅಂತರರಾಷ್ಟ್ರೀಯ ಪಂದ್ಯಗಳೆಲ್ಲ ಒಂದು ದಿನದವು, ಜಪಾನಿನವರು ಅಲ್ಲಿ ಹಿಂದುಳಿಯಲು ನಿಧಾನದ ಆಟವೇ ಕಾರಣ ಎಂಬ ವಾದವೂ ಹಳೆಯದು. ಆದರೆ ಎರಡು ದಿನದ ಪಂದ್ಯಗಳಲ್ಲೇ ಬೆಳೆದ ಇಚಿರಿಕಿ 2024ರಲ್ಲಿ ಇಂಗ್ ಕಪ್ ಗೆದ್ದು ಜಪಾನಿಗೆ ದೊಡ್ಡ ಅಂತರರಾಷ್ಟ್ರೀಯ ಪಟ್ಟ ತಂದರು. ಎಲ್ಲಕ್ಕಿಂತ ಹಳೆಯ ಪಟ್ಟವೇ ಎಲ್ಲಕ್ಕಿಂತ ಮೊದಲು ಮೊಟಕಾಯಿತೆಂಬುದು ನಮಗೆ ದೊಡ್ಡ ನಷ್ಟವೆಂದೇ ಅನ್ನಿಸುತ್ತದೆ. ಕಿಸೇ ಮತ್ತು ಮೇಜಿನ್ ಎರಡು ದಿನದ ಪದ್ಧತಿಯನ್ನು ಉಳಿಸಿಕೊಂಡಿವೆ, ಅದನ್ನು ನೋಡಬೇಕೆಂದವರು ಅಲ್ಲಿ ನೋಡಬೇಕು.

'26ನೇ ಹೊನಿನ್‌ಬೊ' ಎಂದರೆ?

ಸತತ ಐದು ಸಲ ಗೆದ್ದವರಿಗೆ ವಂಶಾವಳಿಯ ಮುಂದಿನ ಸಂಖ್ಯೆ ಸಿಗುತ್ತದೆ. ಶೂಸಾಯ್ 21ನೆಯವರು, ಆಮೇಲೆ ತಾಕಾಗಾವಾ ಶೂಕಾಕು (ಸತತ 9), ಸಕಾತಾ ಎಇಒ (7), ಇಶಿದಾ ಯೊಶಿಒ (5), ಚೊ ಚಿಕುನ್ (10), ಇಯಾಮಾ ಯೂತಾ (11). ಇಯಾಮಾ 2016ರ ಏಪ್ರಿಲ್‌ನಲ್ಲಿ ಏಳೂ ಪಟ್ಟಗಳನ್ನು ಒಟ್ಟಿಗೆ ಹಿಡಿದ ಮೊದಲಿಗರಾದರು. ಒಂದನ್ನು ಕಳೆದುಕೊಂಡು 2017ರಲ್ಲಿ ಮತ್ತೆ ಏಳನ್ನೂ ಹಿಡಿದರು.

ಭಾರತದಿಂದ ನೋಡುವುದಾದರೆ ಯಾವ ಹೊತ್ತಿಗೆ?

ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಆಟ ಶುರು ನಮ್ಮ ಬೆಳಿಗ್ಗೆ 5:30ಕ್ಕೆ, ಊಟದ ಬಿಡುವು 8:30ರಿಂದ 9:30, ಲಕೋಟೆ ನಡೆ ಮಧ್ಯಾಹ್ನ ಎರಡರ ಸುಮಾರಿಗೆ. ದಿನವಿಡೀ ಕೂರಲು ಆಗದವರು ಎರಡನೇ ದಿನ ಮಧ್ಯಾಹ್ನ 12ರ ನಂತರ ನೋಡಿದರೆ ಸೆಕೆಂಡು ಎಣಿಕೆಯ ಭಾಗ ಸಿಗುತ್ತದೆ. ಕಿಸೇ ಜನವರಿಯಿಂದ ಮಾರ್ಚ್‌ವರೆಗೆ, ಮೇಜಿನ್ ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ.

ಪರದೆಯ ಮೇಲೆ ಕಂಪ್ಯೂಟರ್ ತೋರಿಸುವ ಗೆಲುವಿನ ಸಾಧ್ಯತೆಯ ಶೇಕಡಾವಾರನ್ನು ಅತಿಯಾಗಿ ನಂಬಬೇಡಿ. 90 ಎಂದು ತೋರಿಸಿದರೂ ಅಂಕದಲ್ಲಿ ಅದು ಎರಡು ಮೂರರ ವ್ಯತ್ಯಾಸವಿರಬಹುದು, ಮತ್ತು ಆ ಮುನ್ನಡೆ ಉಳಿಯಲು ಮನುಷ್ಯರ ಕಣ್ಣಿಗೆ ಸುಲಭವಾಗಿ ಕಾಣದ ಒಂದೇ ಒಂದು ನಡೆ ಬೇಕಾಗಿರಬಹುದು. ಅಂಕದ ಅಂದಾಜು, ಉಳಿದ ಸಮಯ, ಇತ್ಯರ್ಥವಾಗದ ಗುಂಪುಗಳು, ಈ ಮೂರನ್ನು ಒಟ್ಟಿಗೆ ನೋಡಿ.

ಹಳೆಯ ಪಟ್ಟದ ಆಟಗಳನ್ನು ಮರಳಿ ಆಡಿ ಕಲಿಯಲು ಎಲ್ಲಿಂದ ಶುರುಮಾಡಲಿ?

ಹೊಸಬರಿಗೆ ತಾಕೆಮಿಯಾ ಮಸಾಕಿ 1985ರಿಂದ 1988ರವರೆಗೆ ಹೊನಿನ್‌ಬೊ ಆಗಿದ್ದ ಕಾಲದ ಆಟಗಳನ್ನು ಸೂಚಿಸುತ್ತೇವೆ. ಮೂಲೆ ಬಿಟ್ಟು ಮಣೆಯ ನಡುವಿನಲ್ಲಿ ದೊಡ್ಡ ಜಾಗ ಕಟ್ಟುವ ಅವರ ಉದ್ದೇಶ ಹೊಸಬರ ಕಣ್ಣಿಗೂ ಕಾಣುತ್ತದೆ. ಆಟದ ದಾಖಲೆ ಅಂತರ್ಜಾಲದಲ್ಲಿ ಕಡತವಾಗಿ ಸಿಗುತ್ತದೆ. ಮೊದಲ ಸಲ ವ್ಯಾಖ್ಯಾನ ಓದದೆ ಬರೀ 50 ನಡೆ ನಿಜವಾದ ಮಣೆಯ ಮೇಲೆ ಇಡಿ. ಎರಡನೇ ಸಲ ಅಷ್ಟನ್ನೇ ನೆನಪಿನಿಂದ ಇಡಲು ನೋಡಿ. ಎಲ್ಲಿ ತಡವರಿಸುತ್ತೀರೋ ಆ ನಡೆಯ ಕಾರಣ ನಿಮಗೆ ಅರ್ಥವಾಗಿಲ್ಲ ಎಂದರ್ಥ, ವ್ಯಾಖ್ಯಾನವನ್ನು ಅಲ್ಲಿ ತೆರೆಯಿರಿ. ದಾಖಲೆಯಲ್ಲಿ ಲಕೋಟೆ ನಡೆ ಯಾವುದೆಂದು ಗುರುತಿದ್ದರೆ ಅದರ ಹಿಂದಿನ ನಡೆಗೆ ನಿಲ್ಲಿಸಿ, ನಿಮ್ಮ ಆಯ್ಕೆಯನ್ನು ಹಾಳೆಯ ಮೇಲೆ ಬರೆದಿಟ್ಟು, ಮರುದಿನ ಹೋಲಿಸಿ ನೋಡಿ.